ಯಂತ್ರಗಳ ಬೆನ್ನು ಓದುತ್ತಿದ್ದ ಖಾಲಾ

ಖಾಲಾ ಅವರ ತೋರುಬೆರಳಿನ ತುದಿ ಯಾವ ಕಾಲದಲ್ಲೋ ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟು ನುಣ್ಣಗೆ ಹೊಳೆಯುತ್ತಿತ್ತು. ಆ ಬೆರಳನ್ನು ಎಷ್ಟು ವೋಲ್ಟು ಎಂದು ಬರೆದ ಅಕ್ಷರದ ಮೇಲೆ ಊರಿಕೊಂಡೇ ಅವರು ಯಂತ್ರಗಳ ಬೆನ್ನು ಓದುವುದು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರು ಊರಿಂದ ಏನೇ ಹೊತ್ತು ತಂದರೂ ಮೊದಲು ಅವರ ಮುಂದೆ ಬೋರಲು ಮಲಗಿಸಬೇಕು. ಆಗ ಹಣೆಯ ಮೇಲಿದ್ದ ಕನ್ನಡಕ ಮೂಗಿಗಿಳಿಯುತ್ತಿತ್ತು.

"ಚಾರ್ಜರು ನೂರರಿಂದ ಇನ್ನೂರ ನಲವತ್ತು, ಎಲ್ಲಿ ಬಿಟ್ರೂ ಬದುಕ್ಕೊಳತ್ತೆ. ಮಿಕ್ಸಿ ಹಂಗಲ್ಲ ಬೇಟಾ. ಅದಕ್ಕೆ ಇನ್ನೂರ ಮೂವತ್ತೇ ಆಗ್ಬೇಕು, ಇಲ್ಲಿ ಗೋಡೆ ಕೊಡೋದು ನೂರಿಪ್ಪತ್ತು. ಅಲ್ಲಿಂದ ಇಲ್ಲಿಗೆ ತಂದಿದ್ದು ಸೋಮಾರಿ ಆಗತ್ತೆ, ಇಲ್ಲಿಂದ ಅಲ್ಲಿಗೆ ಒಯ್ದಿದ್ದು ಸುಟ್ಟೋಗತ್ತೆ."

ಮೈಸೂರಿನಿಂದ ಮಗಳ ಮನೆಗೆ ಬಂದು ನಮ್ಮ ಪಕ್ಕದಲ್ಲಿ ನೆಲೆಸಿ ನಮಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಆಗಿದ್ದರು. ತಮ್ಮ ಮಿಕ್ಸಿಗಾಗಿ ಒಂದು ಟ್ರಾನ್ಸ್‌ಫಾರ್ಮರ್ ಡಬ್ಬ ಇಟ್ಟುಕೊಂಡಿದ್ದರು. ಗೋಡೆ ಕೊಟ್ಟ ನೂರಿಪ್ಪತ್ತನ್ನು ಅದು ಇನ್ನೂರ ಮೂವತ್ತಕ್ಕೆ ಏರಿಸಿಕೊಡುತ್ತಿತ್ತು. ಇಲ್ಲಿಯ ಬ್ಲೆಂಡರಿನಲ್ಲಿ ಮಸಾಲೆ ಅರೆಯುವುದೆಂದರೆ ಬೇರೆಯವರ ಹಲ್ಲಿನಲ್ಲಿ ಅಗಿದ ಹಾಗೆ ಎಂದು ಮೂಗು ಮುರಿಯುತ್ತಿದ್ದರು.

ಕಾಡ್ಗಿಚ್ಚಿನ ಹೊಗೆ ಫ್ರೀಮಾಂಟಿಗೆ ಕವಿದ ವಾರ ನನ್ನ ಅಮ್ಮ ಇಲ್ಲಿದ್ದರು. ಅವರಿಗೆ ದಮ್ಮು. ಔಷಧಿಯನ್ನು ಆವಿ ಮಾಡಿ ಕೊಡುವ ನೆಬ್ಯುಲೈಸರನ್ನು ಊರಿಂದಲೇ ತಂದಿದ್ದರು. ಪ್ಲಗ್ಗಿಗೊಂದು ಅಡಾಪ್ಟರ್ ಸಿಕ್ಕಿಸಿ ಹಾಕಿದೆವು. ಯಂತ್ರ ಗುಂಯ್‌ಗುಟ್ಟಿತು, ಆವಿ ಮಾತ್ರ ಬರಲಿಲ್ಲ. ಔಷಧಿಯೇ ಹಳತಾಗಿರಬೇಕೆಂದುಕೊಂಡೆ. ಅಮ್ಮನ ತುಟಿ ಬಣ್ಣಗೆಡುತ್ತಿತ್ತು. ನಾನು ಅಮ್ಮಾ ಎಂದು ಕೂಗಿದೆ.

ಗಾಬರಿಯ ಸದ್ದು ಕೇಳಿ ಖಾಲಾ ಬಂದರು. ಯಂತ್ರವನ್ನು ತಿರುಗಿಸಿ ಬೆರಳೂರಿದವರೇ, "ಇದೂ ಇನ್ನೂರ ಮೂವತ್ತು! ಅರ್ಧ ಹೊಟ್ಟೆಗೆ ಹಾಕಿ ದುಡಿ ಅಂದ್ರೆ ಹೆಂಗೆ ದುಡಿಯತ್ತೆ?" ಎಂದು ಬೈದು, ಡಬ್ಬವನ್ನು ಸೊಂಟಕ್ಕೆ ಆನಿಸಿಕೊಂಡು ತಂದರು. ಆವಿ ಭುಸುಗುಟ್ಟಿತು. ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣುಬಿಟ್ಟು ನೀರು ಕೇಳಿದರು.

"ನಿಮಗೂ ದಮ್ಮಿದೆಯಲ್ಲ ಖಾಲಾ, ನಿಮ್ಮ ಮಶೀನಿಗೆ?" ಎಂದು ಕೇಳಿದೆ.

"ನಂದು ಇಲ್ಲೀದು. ಡಬ್ಬ ಬೇಕಿಲ್ಲ, ಇಟ್ಕೋ."

ನಾನು ತರಿಸಿದ ಹೊಸ ಟ್ರಾನ್ಸ್‌ಫಾರ್ಮರ್ ಬರುವ ಹೊತ್ತಿಗೆ ಹೊಗೆ ತೆಳುವಾಗಿತ್ತು. ಡಬ್ಬ ಹಿಂತಿರುಗಿಸಲು ಹೋದಾಗ ಆಫೀಸಿನ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದ ಅವರ ಮಗಳು ಆಗಷ್ಟೇ ಬಂದಿದ್ದಳು. ಅಳುತ್ತಿದ್ದಳು. "ಅಮ್ಮೀದೂ ಇಂಡಿಯಾ ಮಶೀನೇ. ಇಷ್ಟು ದಿನ ಬರೀ ಇನ್ಹೇಲರ್ ಇಟ್ಕೊಂಡು ಬಾತ್‌ರೂಮಲ್ಲಿ ಬಿಸಿನೀರು ಬಿಟ್ಕೊಂಡು ಕೂತಿದ್ದಾರೆ. ಫೋನಲ್ಲಿ ನಂಗೂ ಐ ಆಮ್ ಫೈನ್ ಅಂತಿದ್ರು!"

ಸೋಫಾದಲ್ಲಿ ಕುಳಿತಿದ್ದ ಖಾಲಾ ಒಂದೊಂದು ಮಾತಿಗೂ ನಿಂತು ಉಸಿರು ಹುಡುಕುತ್ತಿದ್ದರು. ನನಗೆ ಸಿಟ್ಟು ಬಂತು. ಸರದಿಯ ಮೇಲೆ ಬಳಸಬಹುದಿತ್ತಲ್ಲ ಎಂದು ಕೂಗಾಡಿದೆ.

"ಗೊತ್ತಾದ್ರೆ ನಿಮ್ಮಮ್ಮ ಅರ್ಧಕ್ಕೇ ಡಬ್ಬ ಎತ್ತಿ ಕೊಟ್ಬಿಡೋರು. ಊರಿಂದ ಬಂದವ್ರು ಬೇಟಾ. ಮೊದ್ಲು ಅವ್ರು ಉಸಿರಾಡ್ಲಿ."

ಮುಂದಿನ ಚಳಿಗಾಲದಲ್ಲಿ ಖಾಲಾ ತೀರಿಕೊಂಡರು. ಹೃದಯ ನಿಂತಿತು, ಹೊಗೆಗೂ ಅದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಮಗಳೂ ನನಗೆ ಅದನ್ನೇ ಹೇಳಿದಳು, ಸಮಾಧಾನಕ್ಕೆ. ಅಮ್ಮ ಈಗ ಮೈಸೂರಿನಲ್ಲಿ ಚೆನ್ನಾಗಿದ್ದಾರೆ. ಫೋನಿನಲ್ಲಿ ಅವರು ಎಡೆಬಿಡದೆ ಮಾತಾಡುತ್ತಾ ಹೋದಂತೆ ನನಗೆ ಸಂತೋಷವಾಗುತ್ತದೆ. ಆದರೆ ಆ ವಾರವೆಲ್ಲ ಗೋಡೆಯಾಚೆ ಒಬ್ಬರು ಕೆಮ್ಮು ಕೇಳಿಸದಂತೆ ನಲ್ಲಿ ತಿರುಗಿಸಿಕೊಂಡು ಕೂತಿದ್ದರೆಂಬುದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.