ಮಾಥೆರಾನಿನಲ್ಲಿ ಎದುರು ಕುರ್ಚಿ

ಯಾರಾದರೂ ಮಾಥೆರಾನ್ ಗಿರಿಧಾಮಕ್ಕೆ ಹೋಗಿ ಬಂದೆವೆಂದು ಹೇಳಿದರೆ ನನ್ನ ಮುಖ ತನ್ನಷ್ಟಕ್ಕೇ ಹುಳ್ಳಗಾಗುತ್ತದೆ. ಅವರು ಕೆಂಪು ಮಣ್ಣಿನ ದಾರಿ, ಕುದುರೆ ಸವಾರಿ, ಕೈಯಿಂದ ಚಿಕ್ಕಿ ಕಿತ್ತುಕೊಂಡು ಓಡಿದ ಕೋತಿ ಎಲ್ಲವನ್ನೂ ವರ್ಣಿಸುತ್ತಾರೆ. ನಾನು "ಹೌದೇ, ಹೌದೇ" ಎಂದು ತಲೆಯಾಡಿಸುತ್ತೇನೆ. ಬೆಟ್ಟದ ಗಾಳಿಗೆ ಹಸಿವು ಹೆಚ್ಚಂತೆ, ಅಲ್ಲಿಯ ದೊಡ್ಡ ಹೋಟೆಲುಗಳ ಊಟ ಜನ್ಮದಲ್ಲಿ ಮರೆಯುವಂಥದ್ದಲ್ಲವಂತೆ. ಮರೆಯುವಂಥದ್ದಲ್ಲ ಎಂಬ ಮಾತನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ.

ನನ್ನ ಭಾವ, ಎಂದರೆ ಅಕ್ಕನ ಗಂಡ, ಠಾಣೆ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು ನಡೆಸುತ್ತಿದ್ದರು. ಮನೆ ಡೊಂಬಿವಲಿಯಲ್ಲಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ನಾನು ಬ್ಯಾಂಕಿನ ಗುಮಾಸ್ತ, ಅವಿವಾಹಿತ, ಅಕ್ಕನ ಮನೆಯ ಅನ್ನಕ್ಕೆ ಕಾಯಂ ಗಿರಾಕಿ. ಹೋಟೆಲಿನ ಮಾಲೀಕ ತನ್ನ ಹೋಟೆಲಿನ ಮೇಜಿಗೆ ಕೂತು ಉಣ್ಣಬಾರದೆಂಬುದು ನಮ್ಮ ಕಡೆಯಿಂದ ಬಂದ ಹೋಟೆಲಿಗರಲ್ಲಿ ಯಾರೂ ಬರೆದಿಡದ ಕಾಯಿದೆ. ಗಿರಾಕಿಯ ಜಾಗವನ್ನು ಮಾಲೀಕನೇ ತಿಂದರೆ ಹೇಗೆ? ಭಾವ ಅಡುಗೆಮನೆಯ ಮೂಲೆಯಲ್ಲಿ ನಿಂತು ನಾಲ್ಕು ತುತ್ತು ನುಂಗಿ ಮತ್ತೆ ಗಲ್ಲಾಕ್ಕೆ ಬಂದು ಕೂರುತ್ತಿದ್ದರು. ರಾತ್ರಿ ತಡವಾಗಿ ಮನೆಗೆ ಬಂದ ಮೇಲೆ ಗಂಜಿ. ಅಕ್ಕ ಉಪ್ಪಿನಕಾಯಿ ತರಲು ಒಳಗೆ ಹೋಗಿ ಬರುವುದರೊಳಗೆ ಅವರು ಕೈತೊಳೆಯುತ್ತಿದ್ದರು. ಅಷ್ಟು ಹೊತ್ತಿನ ತನಕ ಹಸಿದು ಕಾದಿದ್ದ ಅವಳು ಆಮೇಲೆ ಒಬ್ಬಳೇ ಉಣ್ಣುತ್ತಿದ್ದಳು.

ಮದುವೆಯ ಸಪ್ತಪದಿಯಲ್ಲಿ ಮೊದಲ ಹೆಜ್ಜೆ ಇಡಿಸುವುದು ಅನ್ನಕ್ಕಾಗಿ. ಸ್ನೇಹ ಬರುವುದು ಏಳನೆಯದರಲ್ಲಿ. ಅನ್ನದಿಂದ ಸ್ನೇಹಕ್ಕೆ ಅಷ್ಟು ದೂರವಿದೆ ಎಂದು ನಮ್ಮ ಹಿರಿಯರು ಅನುಭವದಿಂದಲೇ ತಿಳಿದಿರಬೇಕು. ಆ ದೂರವನ್ನು ಒಂದು ಮೇಜಿನ ಅಗಲಕ್ಕೆ ಇಳಿಸಿದವರು ಗಿರಿಧಾಮದ ಹೋಟೆಲಿನವರು. ಅಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಕೂರಬೇಕು. ಒಂದಾದ ಮೇಲೆ ಒಂದು ಪದಾರ್ಥ ನಿಧಾನವಾಗಿ ಬರುವಾಗ ಬೇರೆ ದಾರಿಯಿಲ್ಲದೆ ಒಬ್ಬರ ಮುಖ ಒಬ್ಬರು ನೋಡಬೇಕು. ಪಕ್ಕದ ಮನೆಯ ಮರಾಠಿ ಕಾಕು ಮಾಥೆರಾನಿಗೆ ಹೋಗಿ ಬಂದು ಅಕ್ಕನಿಗೆ ಹೇಳಿದ್ದು ಇದನ್ನೇ. ಅವರ ವರ್ಣನೆಯಲ್ಲಿ ಕೋತಿ, ಕುದುರೆ ಯಾವುದೂ ಇರಲಿಲ್ಲ.

ಅಕ್ಕ ಸೀರೆ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. ಆದರೆ ಇದನ್ನು ಕೇಳಿದಳು. "ಒಂದು ಸಲ ನಾವಿಬ್ಬರೂ ಎದುರುಬದುರು ಕೂತು, ಬೇರೆಯವರು ಬಡಿಸಿದ್ದನ್ನು ಕೊನೇವರೆಗೂ ಉಣ್ಣುವಾ. ಮತ್ತೆಂತ ಬೇಡ ನಂಗೆ" ಎಂದಳು. ಭಾವ ಆಗಲಿ ಎಂದರು, ಮರೆತರು, ಮತ್ತೆ ಆಗಲಿ ಎಂದರು. ಕೊನೆಗೆ ಹೋಟೆಲಿಗೆ ಸುಣ್ಣಬಣ್ಣ ಹೊಡೆಸುವ ಗಳಿಗೆ ಕೂಡಿಬಂದು, ಬಾಗಿಲು ಹಾಕಲೇಬೇಕಾದಾಗ, ನಾವು ಬೆಟ್ಟದ ಬುಡದ ನೇರಳ ಸ್ಟೇಷನ್ನಿನಲ್ಲಿ ಪುಟ್ಟ ರೈಲು ಹತ್ತಿದೆವು.

ನಾವು ಎಂದೆನಲ್ಲ. ದಂಪತಿಗಳ ನಡುವೆ ನಾನೇಕೆ ಎಂದು ನೀವು ಕೇಳಬಹುದು. ಅಲ್ಲಿಯ ಮೆನು ಇಂಗ್ಲಿಷಿನಲ್ಲಿರುತ್ತದೆಂಬ ಭಯದಿಂದ ಅವರಿಬ್ಬರೂ ನನ್ನನ್ನು ದುಭಾಷಿಯಾಗಿ ಎಳೆದುಕೊಂಡು ಹೋದರು. ನಾನೂ ಪಂಡಿತನ ಗತ್ತಿನಲ್ಲಿ ಹೊರಟೆ. ಹಿಂದಿನ ವಾರವಿಡೀ ಮನೆಯಲ್ಲಿ ಗುಟ್ಟಾಗಿ ಫೋರ್ಕು ಹಿಡಿದು ಇಡ್ಲಿಯ ಮೇಲೆ ಅಭ್ಯಾಸ ಮಾಡಿದ್ದೆ. ಗೆದ್ದದ್ದು ಇಡ್ಲಿಯೇ.

ಬೆಟ್ಟದ ಮೇಲೆ ಆ ಹೋಟೆಲಿನಲ್ಲಿ ಊಟಕ್ಕೆ ಗಂಟೆ ಬಾರಿಸಿ ಕರೆಯುತ್ತಿದ್ದರು. ಬಿಳಿ ಮೇಜುವಸ್ತ್ರ, ಪಟ್ಟಿಯಾಗಿ ಮಡಿಸಿಟ್ಟ ನ್ಯಾಪ್‌ಕಿನ್, ಕೋಟು ತೊಟ್ಟ ಬಡಿಸುವವರು. ಗೋಡೆಗೆ ಒತ್ತಿ ಹಾಕಿದ್ದ ನಮ್ಮ ಮೇಜಿಗೆ ಮೂರೇ ಕುರ್ಚಿ. ಅಕ್ಕ ಪೆಟ್ಟಿಗೆಯ ತಳದಿಂದ ತೆಗೆದ ಪಟ್ಟೆಸೀರೆ ಉಟ್ಟಿದ್ದಳು. ಸೂಪು ಬಂತು. ಅವಳ ಕಣ್ಣು ಮಾತ್ರ ಸೂಪಿನ ಮೇಲಿರಲಿಲ್ಲ.

"ನಿಮ್ಮ ಕಿವಿ ಹತ್ರದ ಕೂದಲೆಲ್ಲ ಬೆಳ್ಳಗಾದದ್ದು ನಂಗೆ ಗೊತ್ತೇ ಇರ್ಲಿಲ್ಲ" ಎಂದಳು. ಅದನ್ನು ಹೇಳುವಾಗ ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ನಾನು ನಾಚಿ ಕಿಟಕಿಯ ಕಡೆ ತಿರುಗಿಕೊಂಡೆ.

ಆದರೆ ಭಾವ ನೋಡುತ್ತಿದ್ದದ್ದು ಬಾಗಿಲನ್ನು. ಅಲ್ಲಿ ಕೆಲವರು ಜಾಗಕ್ಕಾಗಿ ಕಾದು ನಿಂತಿದ್ದರು. ಠಾಣೆಯ ಹೋಟೆಲುಗಳಲ್ಲಿ ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವು ಇಡ್ಲಿ ಮುರಿಯುವಾಗಲೇ ಬೆನ್ನ ಹಿಂದೆ ಒಬ್ಬ ಕುರ್ಚಿಯ ಮೇಲೆ ಕೈಯಿಟ್ಟು ನಿಂತಿರುತ್ತಾನೆ. ಲೋಕಲ್ ರೈಲಿನಲ್ಲಿ "ಕಹಾಂ ಉತರೋಗೇ?" ಎಂದು ಇಳಿಯುವ ಸ್ಟೇಷನ್ ಕೇಳಿ ಸೀಟು ಹಿಡಿಯುವ ಜನವೇ ಅಲ್ಲಿಯೂ ಬರುವುದು. ಒಂದೇ ಮೇಜಿಗೆ ಗುರುತಿಲ್ಲದ ನಾಲ್ವರನ್ನು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಿಸಿದರೇ ಹೋಟೆಲು ನಡೆಯುವುದು. ನಿಂತ ಗಿರಾಕಿಯನ್ನು ಕಂಡೂ ಕೂತಿರುವುದು ಭಾವನ ಪಾಲಿಗೆ ದೇವರ ಮುಂದೆ ಕಾಲು ಚಾಚಿದಂತೆ.

"ಬೇಗ ಬೇಗ ಕುಡೀರಿ. ಗಿರಾಕಿ ನಿಂತಿದ್ದಾರೆ" ಎಂದರು.

"ನಿಲ್ಲಲಿ. ಇವತ್ತು ನಾವೂ ಗಿರಾಕಿಗಳೇ ಅಲ್ವಾ?" ಎಂದಳು ಅಕ್ಕ, ನಗುತ್ತಲೇ.

ಅಷ್ಟರಲ್ಲಿ ಕೋಲೂರಿಕೊಂಡು ಒಬ್ಬ ಮುದುಕ ಗುಜರಾತಿ ಒಂಟಿಯಾಗಿ ಬಾಗಿಲಿಗೆ ಬಂದ. ಅಷ್ಟೇ. ಭಾವ ತಟ್ಟನೆ ಎದ್ದರು. ತಾವು ಕೂತಿದ್ದ ಕುರ್ಚಿಯನ್ನು ಆ ಬಿಳಿ ನ್ಯಾಪ್‌ಕಿನ್ನಿನಿಂದ ಫಟಫಟನೆ ಒರೆಸಿ, ಇಡೀ ಊಟದ ಕೋಣೆ ತಿರುಗಿ ನೋಡುವ ಹಾಗೆ ಹೋಟೆಲಿನ ದನಿಯಲ್ಲಿ ಕೂಗಿದರು: "ಆಯಿಯೇ ಸೇಠ್, ಇಧರ್ ಜಗಾ ಹೈ! ಬೈಠಿಯೇ, ಬೈಠಿಯೇ!"

ಕೋಟಿನವನೊಬ್ಬ ಓಡಿ ಬರುವಷ್ಟರಲ್ಲಿ ಸೇಠನನ್ನು ಕೈಹಿಡಿದು ಕೂರಿಸಿ ಆಗಿತ್ತು. ನಾನು ನನ್ನ ಕುರ್ಚಿ ಬಿಟ್ಟು ಎದ್ದೆ. ಭಾವ "ನೀನು ಕೂತ್ಕೊ ಮಾರಾಯ. ನಾನು ಒಳಗೆಲ್ಲಾದ್ರೂ ಉಣ್ತೇನೆ" ಎಂದವರೇ ಅಡುಗೆಮನೆಯ ಬಾಗಿಲು ತಳ್ಳಿಕೊಂಡು ಒಳಗೆ ನಡೆದರು. ಯಾವ ಊರಿನ ಹೋಟೆಲಾದರೂ ಅಡುಗೆಮನೆಯ ಬಾಗಿಲು ಅವರಿಗೆ ತವರಿನ ಬಾಗಿಲು.

ಅವರನ್ನು ಕರೆತರಲು ನಾನು ಹಿಂದೆಯೇ ಹೋದೆ. ಅಲ್ಲಿ ಅವರು ಒಲೆಯ ಪಕ್ಕ ನಿಂತು, ಕೈಯಲ್ಲಿ ತಟ್ಟೆ ಹಿಡಿದು, ಅಡುಗೆಯವನ ಜೊತೆ ತೊಗರಿಬೇಳೆಯ ವಿಷಯ ಮಾತಾಡುತ್ತ ನಗುತ್ತಿದ್ದರು. ಡೊಂಬಿವಲಿಯ ಮನೆಯಲ್ಲಿ ಆ ನಗುವನ್ನು ನಾನು ಕೇಳಿದ್ದಿಲ್ಲ.

"ಅಕ್ಕ ಕಾಯ್ತಿದ್ದಾಳೆ ಭಾವ" ಎಂದೆ.

"ಅಲ್ಲಿ ನಂಗೆ ಗಂಟಲಲ್ಲಿ ಇಳಿಯೂದಿಲ್ಲ ಮಾರಾಯ. ಒಬ್ಬ ಹಿಂದೆ ನಿಂತು ಬಡಿಸ್ತಾನೆ, ನಾನು ಅರಸನ ಹಾಗೆ ಕೂತು ತಿನ್ನುದಾ? ಅವಳಿಗೆ ಬೇಕಾದ್ದು ತರಿಸಿಕೊಡು. ಅವಳಿಗಾಗಿಯೇ ಅಲ್ವಾ ಬಂದದ್ದು?"

ಸುಳ್ಳಲ್ಲ, ಅವಳಿಗಾಗಿಯೇ ಬಂದದ್ದು. ಆದರೂ ನನಗೆ ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ. ಭಾವನಂಥವರ ಮೇಲೆ ಮಾಡಿದ ಸಿಟ್ಟಿಗೆ ಹೋಗಲು ಜಾಗವೇ ಇರುವುದಿಲ್ಲ.

ನಾನು ಮರಳಿ ಬಂದಾಗ ಸೇಠ್ ಉಪ್ಪಿನ ಡಬ್ಬಿಯನ್ನು ಅಕ್ಕನ ಕಡೆ ಸರಿಸುತ್ತಿದ್ದ. "ಪೆಹಲೇ ಆಪ್ ಲೀಜಿಯೇ, ಬೆಹೆನ್" ಎಂದ. ಬ್ರೆಡ್ಡಿನ ಬುಟ್ಟಿಯನ್ನೂ ಮೊದಲು ಅವಳಿಗೇ ಒಡ್ಡಿದ. ಅವಳು ಚಮಚ ಕೆಳಗಿಡುವವರೆಗೆ ತನ್ನ ತಟ್ಟೆ ಎತ್ತಲು ಬಡಿಸುವವನನ್ನು ಬಿಡಲಿಲ್ಲ. ತರಕಾರಿ ಕೊಳ್ಳುವಷ್ಟೇ ಹಿಂದಿ ಬರುತ್ತಿದ್ದ ಅಕ್ಕ ಅವನ ಪ್ರತಿ ಮಾತಿಗೂ ತಲೆ ಬಗ್ಗಿಸಿದಳು. ಊಟದ ಮೇಜಿನಲ್ಲಿ ಮೊದಲು ನೀವು ಎಂದು ಗಂಡಸೊಬ್ಬ ಅವಳಿಗೆ ಹೇಳಿದ್ದು ಅದೇ ಮೊದಲಿರಬೇಕು. ದುಭಾಷಿಯಾದ ನನಗೂ ಅದು ಹೊಳೆದಿರಲಿಲ್ಲ. ಅವಳು ಅಳಲಿಲ್ಲ. ಬಂದದ್ದನ್ನೆಲ್ಲ, ಕೊನೆಯ ಕಸ್ಟರ್ಡಿನವರೆಗೆ, ಒಂದಿಷ್ಟೂ ಬಿಡದೆ ನಿಧಾನವಾಗಿ ಉಂಡಳು.

ಭಾವ ಕೈಯೊರೆಸುತ್ತ ಹೊರಗೆ ಬಂದು, "ಖಾನಾ ಕೈಸಾ ಥಾ, ಸೇಠ್?" ಎಂದು ಮೊದಲು ಕೇಳಿದ್ದು ಆ ಮುದುಕನನ್ನು. ಆಮೇಲೆ ಅಕ್ಕನ ಕಡೆ ತಿರುಗಿ, "ಆಯ್ತಾ?" ಎಂದರು.

"ಆಯ್ತು" ಎಂದಳು ಅಕ್ಕ.

ಡೊಂಬಿವಲಿಗೆ ಮರಳಿದ ಮೇಲೆ ಅವಳು ಜಗಳ ತೆಗೆಯಲಿಲ್ಲ, ಮುನಿಸಿಕೊಳ್ಳಲಿಲ್ಲ. ಹಸಿವಾದಾಗ ಉಣ್ಣತೊಡಗಿದಳು, ಅಷ್ಟೇ. ಸಂಜೆ ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ತನ್ನ ಊಟ ಮುಗಿಸಿ, ಭಾವನ ಗಂಜಿಯ ಮೇಲೆ ತಟ್ಟೆ ಮುಚ್ಚಿಟ್ಟು ಮಲಗಿಬಿಡುತ್ತಿದ್ದಳು. ಮದುವೆಯಾದಾಗಿನಿಂದ ನಡೆದು ಬಂದ ಕಾಯುವಿಕೆ ಹೀಗೆ ಸದ್ದಿಲ್ಲದೆ ನಿಂತುಹೋಯಿತು.

ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ಭಾವ ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನನ್ನ ಹತ್ತಿರ ದೂರಿದರು. "ನಿನ್ನಕ್ಕ ಈಗ ಮೊದಲಿನ ಹಾಗಿಲ್ಲ ಮಾರಾಯ. ದಿನಾ ಬಂದು ಒಬ್ಬನೇ ಕೂತು ಉಣ್ಣುದು ಅಂದ್ರೆ ಎಂಥಾ ಬೇಜಾರು ಗೊತ್ತುಂಟಾ?"

ಒಳಗೆ ಕೊತ್ತಂಬರಿ ಸೊಪ್ಪು ಸೋಸುತ್ತಿದ್ದ ಅಕ್ಕನಿಗೆ ಅದು ಕೇಳಿಸಿತು. ತಲೆಯೆತ್ತದೆ, ಕಾಯಿಲೆಯವರಿಗೆ ಧೈರ್ಯ ಹೇಳುವಷ್ಟು ಮೆತ್ತಗಿನ ದನಿಯಲ್ಲಿ ಹೇಳಿದಳು: "ಸುರುವಿಗೆ ಹಾಗೆ ಆಗ್ತದೆ. ಆಮೇಲೆ ರೂಢಿ ಆಗ್ತದೆ."