ಜಪಾನಿನಲ್ಲಿ ಈಗ ಎಷ್ಟು ಹೊತ್ತು

ಮೇಷ್ಟ್ರ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದೊಡ್ಡ ಗಂಟು ಇತ್ತು. ಪೆನ್ನು ಒತ್ತಿ ಒತ್ತಿ ಎದ್ದದ್ದು. ಅದರ ಮೇಲಿನ ನೀಲಿ ಮಸಿ ನಿವೃತ್ತರಾಗಿ ಇಪ್ಪತ್ತು ವರ್ಷವಾದ ಮೇಲೂ ಹೋಗಿರಲಿಲ್ಲ. ಮೂರನೇ ಕ್ಲಾಸಿನಲ್ಲಿ ಮಗ್ಗಿ ತಪ್ಪಿದರೆ ಆ ಗಂಟಿನಿಂದಲೇ ತಲೆಗೆ ಮೊಟಕುತ್ತಿದ್ದರು. ನೆನೆದರೆ ಈಗಲೂ ನನ್ನ ನೆತ್ತಿ ಚುರ್ ಎನ್ನುತ್ತದೆ.

ಹಾಜರಿ ಪುಸ್ತಕವೆಂದರೆ ಅವರಿಗೆ ದೇವರ ಪಟ ಇದ್ದಂಗೆ. ಕೈ ತೊಳೆದು, ಪಂಚೆಯ ಚುಂಗಿಗೆ ಒರೆಸಿಕೊಂಡು, ಆಮೇಲೆ ಮುಟ್ಟಬೇಕು. ಒಂದು ಕಾಟು ಇರಬಾರದು, ಒಂದು ತಿದ್ದುಪಡಿ ಇರಬಾರದು. "ಬಾಯಿ ಸುಳ್ಳು ಹೇಳ್ತೈತಿ, ರಿಜಿಸ್ಟರ್ ಹೇಳಂಗಿಲ್ಲ" ಎನ್ನುತ್ತಿದ್ದರು. ನಾವು ಅವರ ಬೆನ್ನ ಹಿಂದೆ ಅದನ್ನೇ ಅವರ ದನಿಯಲ್ಲಿ ಹೇಳಿ ನಗುತ್ತಿದ್ದೆವು.

ನನ್ನ ಅವ್ವನಿಗೂ ಅವರೇ ಕಲಿಸಿದ್ದು. ಅವರ ಮೊದಲ ನೌಕರಿ ಸಿರುಗುಪ್ಪ ಕಡೆಯ ಅವ್ವನ ಹಳ್ಳಿಯಲ್ಲಿ. ಮುಂದೆ ಕುರುಗೋಡಿಗೆ ವರ್ಗವಾಗಿ ಬಂದು ಅಲ್ಲೇ ನೆಲೆನಿಂತರು. ಅವ್ವನನ್ನು ಕೊಟ್ಟದ್ದೂ ಅದೇ ಊರಿಗೆ. ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಚಹಾವನ್ನು ಬಸಿಗೆ ಸುರಿದುಕೊಂಡು ಕುಡಿಯುತ್ತ, ಮಕ್ಕಳ ತಾಯಿಯಾದ ಅವ್ವನಿಗೇ "ಹದಿನೇಳರ ಮಗ್ಗಿ ಬರ್ತೈತೇನಲೇ ಇನ್ನಾ?" ಎಂದು ಕೇಳುತ್ತಿದ್ದರು.

ಅವ್ವನ ಅಪ್ಪ ಜಪಾನಿನವರು. ಕಾಲುವೆಗೆ ನೀರು ಬಂದ ಹೊಸದರಲ್ಲಿ, ಸಾಲು ಹಿಡಿದು ಭತ್ತ ನಾಟಿ ಮಾಡುವುದನ್ನು ಕಲಿಸಲು ಬಂದವರು ಅಜ್ಜಿಯನ್ನು ಮದುವೆಯಾದರು. ಬಳ್ಳಾರಿಯಲ್ಲಿ ರಿಜಿಸ್ಟರ್ ಮಾಡಿಸಿ, ತಮ್ಮ ಊರಿಗೂ ಬರೆದು ತಿಳಿಸಿದ್ದರಂತೆ. ಅಜ್ಜಿ ಬಸುರಿಯಿದ್ದಾಗ ತಾಯಿಗೆ ಸೀರಿಯಸ್ಸೆಂದು ಊರಿಗೆ ಹೋದರು. ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡರು. ಮೂರು ತಿಂಗಳಿಗೆ ಅವ್ವ ಹುಟ್ಟಿದಳು, ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಹುಟ್ಟಿದ್ದನ್ನು ಕಚೇರಿಯಲ್ಲಿ ಬರೆಸಿದವರು ಯಾರೂ ಇಲ್ಲ.

ನಾನು ಬಳ್ಳಾರಿಯಲ್ಲಿ ಹದಿನಾರು ವರ್ಷದಿಂದ ಜೀನ್ಸ್ ಪ್ಯಾಂಟಿಗೆ ಜಿಪ್ ಹಚ್ಚುವವಳು. ಗಂಡ ಬಿಟ್ಟುಹೋದ; ಹೋಗಲಿ, ಪೀಡೆ. ಒಂದು ಘಟಕ ಮುಚ್ಚಿದರೆ ಇನ್ನೊಂದಕ್ಕೆ ಹೋಗುವುದು, ನೀಲಿ ಧೂಳು ಕುಡಿದು ಕೆಮ್ಮುವುದು, ಇಷ್ಟೇ ಬಾಳು. ಜಪಾನಿನವರ ಮೊಮ್ಮಕ್ಕಳಿಗೆ ಅಲ್ಲಿ ವರ್ಷಗಟ್ಟಲೆ ಇದ್ದು ದುಡಿಯಲು ವೀಸಾ ಕೊಡುತ್ತಾರೆಂದು ತಿಳಿದಾಗ ಅಜ್ಜಿಯ ಟ್ರಂಕಿನ ಹಳೆಯ ಲಕೋಟೆಯ ವಿಳಾಸಕ್ಕೆ ಕಾಗದ ಬರೆಸಿದೆ. ಅಜ್ಜನ ತಮ್ಮನ ಮೊಮ್ಮಗ ಅವರ ಮನೆತನದ ದಾಖಲೆಯ ನಕಲು ಕಳಿಸಿದ. ಅದರಲ್ಲಿ ಅಜ್ಜನ ಹೆಸರಿತ್ತು, ಅಜ್ಜಿಯ ಹೆಸರಿತ್ತು, ಅಜ್ಜ ಸತ್ತ ತಾರೀಖಿತ್ತು. ಅವ್ವನ ಹೆಸರು ಮಾತ್ರ ಇರಲಿಲ್ಲ. ಅವ್ವ ಅವರ ಮಗಳೆಂದು ತೋರಿಸಲು ನಮ್ಮ ಹತ್ತಿರ ಇದ್ದದ್ದು ಸಾಲಿಯ ದಾಖಲೆ ಒಂದೇ. ಅದನ್ನು ತೆಗೆಸಿ ನೋಡಿದೆ: ತಂದೆಯ ಹೆಸರಿನ ಜಾಗದಲ್ಲಿ ಅವ್ವನ ಸೋದರಮಾವನ ಹೆಸರು. ಹುಟ್ಟಿದ್ದು ಜೂನ್ ಒಂದು, ಅದೂ ನಿಜವಾದ ವರ್ಷಕ್ಕಿಂತ ಎರಡು ವರ್ಷ ತಡವಾಗಿ. ಅಕ್ಷರ ಮುತ್ತು ಪೋಣಿಸಿದಂತಿತ್ತು. ಯಾರದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಸಿಟ್ಟು ನೆತ್ತಿಗೇರಿ ಅವತ್ತೇ ಕುರುಗೋಡಿನ ಬಸ್ಸು ಹತ್ತಿದೆ. ಮೇಷ್ಟ್ರು ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದರು.

"ಸಾರ್, ಇದು ನಿಮ್ಮ ಕೈಬರಹ ಹೌದಲ್ರೀ?"

ಕನ್ನಡಕ ಏರಿಸಿ ನೋಡಿದರು. "ನಂದ. ಯಾಕವಾ?"

"ನಮ್ಮವ್ವನ ಅಪ್ಪ ಯಾರಂತ ನಿಮಗ ಗೊತ್ತಿದ್ದಿಲ್ಲೇನ್ರೀ?"

"ಊರಿಗೆಲ್ಲ ಗೊತ್ತಿತ್ತು. ಅದಕ್ಕ ಬರೀಲಿಲ್ಲ. ಆ ಕೂಸಿನ ಕಣ್ಣು ನೋಡಿ ಹುಡುಗ್ರು ಮೊದಲಽ ಆಡ್ಕೊಳ್ತಿದ್ರು. ದಿನಾ ಹಾಜರಿ ಕರಿಯೋ ಮುಂದ ನಾನು ಆ ಹೆಸರು ಬ್ಯಾರೆ ಕೂಗಿದ್ರ ಸಾಲಿ ಬಿಟ್ಟು ಓಡ್ತಿದ್ಳು. ಮಾವ ಕರಕೊಂಡು ಬಂದಿದ್ದ, ಮಾವನ ಹೆಸರು ಬರದೆ."

"ಎರಡು ವರ್ಷ ಯಾಕ ಕಡಿಮಿ ಮಾಡಿದ್ರಿ?"

"ಹುಡುಗಿ ಚುರುಕಿದ್ಳು. ಮುಂದ ಸರಕಾರಿ ನೌಕರಿಗೆ ವಯಸ್ಸು ಮೀರಬಾರ್ದು ಅಂತ. ಎಲ್ಲಾರಿಗೂ ಹಂಗ ಬರೀತಿದ್ವಿ."

ಅವ್ವನನ್ನು ಏಳನೆಯದಕ್ಕೇ ಬಿಡಿಸಿ ಮದುವೆ ಮಾಡಿದ್ದರು. ಆ ಎರಡು ವರ್ಷ ಯಾತಕ್ಕೂ ಬರಲಿಲ್ಲ. "ನಿಮ್ಮ ಉಪಕಾರ ನಮಗ ಬ್ಯಾಡಾಗಿತ್ರೀ ಸಾರ್. ನಿಮ್ಮ ರಿಜಿಸ್ಟರ್ ಪ್ರಕಾರ ನಮ್ಮಜ್ಜ ಸತ್ತು ಎರಡು ವರ್ಷದ ಮ್ಯಾಲೆ ನಮ್ಮವ್ವ ಹುಟ್ಯಾಳ!" ಎಂದು ಕೂಗಾಡಿದೆ. ಮುದುಕರ ಮುಂದೆ ಹಾಗೆ ಬಾಯಿ ಮಾಡಬಾರದಿತ್ತು. ಅವರು ಆ ಕಾಗದವನ್ನೇ ನೋಡುತ್ತ ಕೂತರು. ಸೊಸೆ ತಂದಿಟ್ಟ ಚಹಾ ಕೆನೆಗಟ್ಟಿತು.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಬಳ್ಳಾರಿಯಲ್ಲಿ ನನ್ನ ಬಾಗಿಲಿಗೆ ಬಂದು ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. "ನಡಿ. ತಪ್ಪು ಬರದಾಂವ ನಾನು. ತಿದ್ದಸಾಕ ನಾನಽ ಬರಬೇಕು."

ಹಾಗೆ ಶುರುವಾದದ್ದು ಎರಡು ವರ್ಷ ನಡೆಯಿತು. ನೋಟರಿ, ಶಿಕ್ಷಣ ಇಲಾಖೆ, ಕಡೆಗೆ ಸಿರುಗುಪ್ಪದ ಕೋರ್ಟು. ಎಂಬತ್ತು ದಾಟಿದ ಮನುಷ್ಯ ಪ್ರತಿ ತಾರೀಖಿಗೂ ಬಸ್ಸಿನಲ್ಲಿ ಬಂದು ಬೇವಿನ ಮರದ ಕೆಳಗೆ ಕಾಯುತ್ತಿದ್ದರು. ಸಾಕ್ಷಿಯ ದಿನ ಸರಕಾರದ ವಕೀಲರು, "ಅವತ್ತು ಬರದಿದ್ದು ಸುಳ್ಳೋ, ಇವತ್ತು ಹೇಳೋದು ಸುಳ್ಳೋ?" ಎಂದು ಕೇಳಿದರು. ಮೇಷ್ಟ್ರು ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಅವತ್ತಿಂದು ಸುಳ್ಳು, ಸ್ವಾಮಿ. ಬೇಕಂದ್ರ ನನ್ನ ಮ್ಯಾಲೆ ಕೇಸ್ ಹಾಕ್ರಿ. ಹುಡುಗೀದು ಸರಿ ಮಾಡಿಕೊಡ್ರಿ." ಹುಡುಗಿ ಎಂದದ್ದು ಹಿಂದೆ ಬೆಂಚಿನ ಮೇಲೆ ಕೂತಿದ್ದ ನನ್ನ ಅವ್ವನಿಗೆ. ಆಕೆಯ ತಲೆ ಪೂರಾ ಬೆಳ್ಳಗಾಗಿತ್ತು.

ಆದೇಶ ನಮ್ಮ ಕಡೆ ಆಯಿತು. ಹಳ್ಳಿಯ ಸಾಲಿಗೆ ಮೂವರೂ ಹೋದೆವು. ಈಗಿನ ಹೆಡ್ಮಾಸ್ತರರು ಹಳೆಯ ರಿಜಿಸ್ಟರ್ ತೆಗೆದು ಮಾವನ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವಾಗ ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಬರೆದಾದ ಮೇಲೆ ಅವ್ವ ಒಂದು ಮಾತು ಕೇಳಿದಳು: "ಸಾರ್, ಒಮ್ಮೆ ಹಾಜರಿ ಕರೀರಿ." ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಅವ್ವನ ಹೆಸರು, ಅದರ ಜೊತೆಗೆ ಆ ಜಪಾನಿ ಹೆಸರು, ಎರಡನ್ನೂ ಕೂಡಿಸಿ ಜೋರಾಗಿ ಕರೆದರು. "ಹಾಜರ್ ಸಾರ್" ಎಂದು ಅವ್ವ ಅತ್ತಳು. ನಾನೂ ಅತ್ತೆ.

ವೀಸಾ ಮಾತ್ರ ಬರಲಿಲ್ಲ. ಇಷ್ಟು ವರ್ಷದ ಮೇಲೆ ತಿದ್ದಿಸಿದ ಕಾಗದ ಸಾಲದು, ಹುಟ್ಟಿದ ಕಾಲದ್ದೇ ದಾಖಲೆ ಬೇಕು ಎಂದು ವೀಸಾ ಕಚೇರಿಯವರು ಬರೆದಿದ್ದರು. ಎಲ್ಲಿಂದ ತರಲಿ? ಸೂಲಗಿತ್ತಿ ಎಂದೋ ಸತ್ತಿದ್ದಳು.

ಆ ಕಾಗದ ಬಂದ ವಾರವೇ ಮೇಷ್ಟ್ರು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನೋಡಲು ಹೋದೆ. ಹಾಸಿಗೆಯಲ್ಲಿ ಮಗುವಿನಷ್ಟಾಗಿದ್ದರು. ನನ್ನ ಕೈ ಹಿಡಿದು, "ವೀಸಾ ಬಂತೇನವಾ? ನನ್ನಿಂದ ನಿನ್ನ ಬಾಳು ಕೆಡಲಿಲ್ಲಲ್ಲ?" ಎಂದರು. ಆ ಗಂಟು ನನ್ನ ಅಂಗೈಗೆ ಒತ್ತುತ್ತಿತ್ತು.

"ಬಂತ್ರೀ ಸಾರ್. ಮುಂದಿನ ವಾರ ಹೊಂಟೀನಿ."

ಅವರ ಮುಖ ಅರಳಿದ್ದು ನೋಡಬೇಕಿತ್ತು. "ಹೋಗಿ ಬಾ. ಅಲ್ಲಿ ಚಳಿ ಭಾಳ ಅಂತ, ಸ್ವೆಟರ್ ಒಯ್ಯಿ" ಎಂದರು.

ಹೇಳುವಾಗ ಮುಂದಿನದು ನನಗೆ ಹೊಳೆಯಲೇ ಇಲ್ಲ, ದಡ್ಡಿ. ಜಪಾನಿಗೆ ಹೋದವಳು ಕುರುಗೋಡಿಗೆ ಹೇಗೆ ಬರುವುದು? ಅವರು ಮತ್ತೆ ಏಳು ತಿಂಗಳು ಬದುಕಿದರು. ನಾನು ಒಮ್ಮೆಯೂ ಹೋಗಲಿಲ್ಲ. ಕುರುಗೋಡಿನವರು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಸೆರಗು ಮುಂದೆಳೆದುಕೊಂಡು ಸರಿದುಹೋಗುತ್ತಿದ್ದೆ. "ಮಗಳು ಫೋನ್ ಮಾಡಿದ್ಳೇನು?" ಎಂದು ಅವರು ಕೇಳಿ ಕಳಿಸಿದಾಗಲೆಲ್ಲ ಅವ್ವ ಹೋಗಿ, "ಮಾಡಿದ್ಳ್ರೀ, ನಿಮ್ಮನ್ನ ಕೇಳಿದ್ಳು" ಎಂದು ಹೇಳಿ ಬರುತ್ತಿದ್ದಳು.

ಮಣ್ಣಿಗೆ ಹೋದೆ. ಇನ್ನು ಯಾರಿಗೆ ಹೆದರುವುದು? ಅವರ ಸೊಸೆ ನನ್ನನ್ನು ನೋಡಿ ಗಾಬರಿಯಾಗಿ, "ಯಾವಾಗ ಬಂದೆವಾ ಜಪಾನಿನಿಂದ?" ಎಂದಳು.

"ಹೋಗೇ ಇಲ್ರೀ ಅಕ್ಕ."

ಆಕೆ ಗೋಡೆಯ ಗಡಿಯಾರ ತೋರಿಸಿದಳು. "ದಿನಾ ಅದನ್ನ ನೋಡಿ ಮೂರೂವರಿ ತಾಸು ಕೂಡಿಸಿ ಹೇಳ್ತಿದ್ರು. 'ಈಗ ಅಲ್ಲಿ ಕತ್ತಲಾಗೈತಿ. ಅಕಿ ಕೆಲಸ ಮುಗಿಸಿ, ಕೈಕಾಲು ತೊಳಕೊಂಡು, ಉಣ್ಣಾಕ ಕುಂತಿರ್ತಾಳ' ಅಂತಿದ್ರು."

ಆ ಹೊತ್ತಿಗೆಲ್ಲ ನಾನು ಬಳ್ಳಾರಿಯಲ್ಲಿ ಜಿಪ್ ಹಚ್ಚುತ್ತಿದ್ದೆ. ಬಸ್ಸು ಹತ್ತಿದ್ದರೆ ಒಂದು ತಾಸಿನ ದಾರಿ.