ಮಳವಳ್ಳಿಯ ಟೌನ್ ಹಾಲ್ ಓರೆಯಾಗಿ ನಿಂತದ್ದು

ಸಾವಿರದ ಒಂಬೈನೂರ ನಲವತ್ಮೂರರ ಆರಂಭದಲ್ಲಿ ನಾನು ಪಿ.ಡಬ್ಲ್ಯು.ಡಿ.ಯ ಸಬ್ ಓವರ್ಸಿಯರ್ ಆಗಿ ಮಳವಳ್ಳಿಗೆ ಬಂದೆ. ಅದಕ್ಕೂ ಹಿಂದಿನ ನಾಲ್ಕು ವರ್ಷ ಕೊತ್ತತ್ತಿ ಬಯಲಿನಲ್ಲಿ ನಾಲೆ ಕೆಲಸ. ಅಲ್ಲಿ ಮೊಣಕಾಲುದ್ದ ಅಗೆದರೆ ನೀರು ಒಸರುತ್ತಿತ್ತು, ಕಟ್ಟಿದ ಮೋರಿ ವರ್ಷದೊಳಗೆ ವಾಲುತ್ತಿತ್ತು. ಒದ್ದೆ ನೆಲ ಎಂದರೆ ಮೈ ಉರಿಯುವ ಸ್ಥಿತಿಗೆ ಬಂದಿದ್ದೆ. ಮಳವಳ್ಳಿಯಲ್ಲಿ ಪುರಸಭೆಗೆ ಟೌನ್ ಹಾಲ್ ಕಟ್ಟಿಸಬೇಕು ಎಂದಾಗ, ಒಣ ನೆಲದ ಮೇಲೆ ನಿಲ್ಲುವ ಸುಖಕ್ಕೇ ಒಪ್ಪಿಕೊಂಡೆ.

ಸೈಟ್ ಹುಡುಕುವುದು ಕಷ್ಟವಾಗಲಿಲ್ಲ. ಸಂತೆಮಾಳದ ಹಿಂದೆ ಒಂದು ದಿಬ್ಬವಿತ್ತು. ಊರ ನಟ್ಟನಡುವೆ, ಎತ್ತರವಾಗಿ, ಒಂದು ಗುಡಿಸಲೂ ಇಲ್ಲದೆ ಖಾಲಿ ಬಿದ್ದಿತ್ತು. ನೆಲದ ಗಟ್ಟಿತನ ತಿಳಿಯಲು ಅಲ್ಲಲ್ಲಿ ಮೂರು ಗುಂಡಿ ತೋಡಿಸಿದೆ, ಇದಕ್ಕೆ ನಮ್ಮಲ್ಲಿ ಟ್ರಯಲ್ ಪಿಟ್ ಎನ್ನುತ್ತಾರೆ. ಮೂರಕ್ಕೆ ಮೂರರಲ್ಲೂ ಮೊರಂ ಎನ್ನುವ ಗಟ್ಟಿ ಕೆಂಪು ಗರಸು ಮಣ್ಣು, ಒಂದು ಹನಿ ತೇವವಿಲ್ಲ. ಮದ್ದೂರಿನಿಂದ ಕರೆಸಿದ್ದ ಗಾರೆ ಮೇಸ್ತ್ರಿ ಇಮಾಮ್ ಸಾಬರು ಮಣ್ಣನ್ನು ಅಂಗೈಯಲ್ಲಿ ಪುಡಿ ಮಾಡಿ ನೋಡಿದರು.

"ನೆಲ ಕಬ್ಬಿಣ ಇದ್ದಂಗದೆ ಸಾಮಿ. ಇಂಥಾ ಜಾಗವ ಊರ್ನೋರು ಯಾಕ್ ಇಂಗ್ ಬುಟ್ಟವ್ರೆ ಅನ್ನದೇ ಗೊತ್ತಾಯ್ತಿಲ್ಲ" ಎಂದರು.

ನನಗೆ ಅಂಥ ಪ್ರಶ್ನೆಗೆಲ್ಲ ವ್ಯವಧಾನವಿರಲಿಲ್ಲ. ಯುಗಾದಿಯೊಳಗೆ ತಳಪಾಯ ಮುಗಿಯಬೇಕೆಂದು ಮೇಲಿನಿಂದ ಒತ್ತಡ. ಯುದ್ಧದ ಕಾಲ, ಸಿಮೆಂಟು ಕಣ್ಣಿಗೆ ಕಾಣಿಸುತ್ತಿರಲಿಲ್ಲ, ಸುಣ್ಣದ ಗಾಡಿಗಳು ಹೇಳಿದ ದಿನ ಬರುತ್ತಿರಲಿಲ್ಲ. ಕೂತಲ್ಲಿ ಕೂರಲಾಗದೆ ದಿನವಿಡೀ ಟೇಪು ಹಿಡಿದು ದಿಬ್ಬವನ್ನು ಸುತ್ತುತ್ತಿದ್ದೆ.

ಆಗ ನನಗೆ ಗೊತ್ತಿಲ್ಲದ್ದನ್ನು ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ಆ ದಿಬ್ಬದ ಹೊಟ್ಟೆಯ ತುಂಬ ಹಗೇವುಗಳಿದ್ದವು. ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಕಣಜ. ಮೇಲೆ ಕಿರಿದಾದ ಬಾಯಿ, ಒಳಗೆ ಎರಡು ಮೂರು ಆಳುದ್ದದ ಹೊಟ್ಟೆ. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಒಮ್ಮೆ ತೆರೆದರೆ ಮಾತ್ರ ಪೂರ್ತಿ ತೆಗೆದುಬಿಡಬೇಕು. ಒಳಗೆ ನಿಂತ ಗಾಳಿ ವಿಷ. ತೆರೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಇದಕ್ಕೆ ಬೇಕಾದದ್ದು ಎತ್ತರದ, ಗಟ್ಟಿಯಾದ, ಒಣ ನೆಲ. ನಾನು ಹಾಲ್ ಕಟ್ಟಲು ಹುಡುಕುತ್ತಿದ್ದದ್ದೂ ಅದನ್ನೇ! ಊರಿನವರು ಬಾಯಿ ಬಿಡದಿದ್ದುದಕ್ಕೆ ಕಾರಣ ಲೆವಿ. ಮನೆಖರ್ಚಿಗೆ ಮೀರಿದ ಧಾನ್ಯವನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಯುದ್ಧಕಾಲದ ನಿಯಮ ಅದು. ಬಚ್ಚಿಟ್ಟವರ ಮೇಲೆ ಕೇಸು. ಲೆವಿ ವಸೂಲಿಯ ಶೇಕದಾರರು ಊರಲ್ಲೇ ಬೀಡುಬಿಟ್ಟಿದ್ದರು. ಹಾಗಿರುವಾಗ ಸರ್ಕಾರದ ಓವರ್ಸಿಯರಿಗೆ ಹಗೇವಿನ ಗುಟ್ಟನ್ನು ಯಾರು ಹೇಳಿಯಾರು?

ಸಣ್ಣತಾಯಮ್ಮ ಎಂಬ ವಿಧವೆ ದಿನವೂ ಬಂದು ದಿಬ್ಬದ ಬಡಗಣ ಮೂಲೆಯಲ್ಲಿ, ಒಂದೇ ಜಾಗದಲ್ಲಿ ಕೂರುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದೆ.

"ಏನಮ್ಮ, ದಿನಾ ಇಲ್ಲೇ ಕೂರ್ತೀಯಲ್ಲ?"

"ಬಿಸ್ಲು ಕಾಯಿಸ್ಕತೀನಿ ಕಣಪ್ಪ."

"ಇಂಥ ಸುಡು ಬಿಸಿಲಲ್ಲೂ?"

"ನೀನು ಆ ಪಟ್ಟಿ ಇಡ್ಕಂಡು ಸುತ್ತಲ್ವಾ? ಅಂಗೇಯ."

ಕೂಲಿಗಳು ನಕ್ಕರು. ನನಗೆ ರೇಗಿತು. ಮಾರನೆಯ ದಿನ ಅವಳೇ ಹತ್ತಿರ ಬಂದಳು. "ಈ ಕಟ್ಟಡವ ಒಸಿ ಅತ್ಲಾಗ್ ತಳ್ಳಪ್ಪ. ನನ್ ಮಗ ಯುದ್ಧುಕ್ಕೋಗವ್ನೆ. ಅವ್ನು ಬರಗಂಟ..." ಎಂದವಳು ರಸ್ತೆಯಲ್ಲಿ ಶೇಕದಾರರನ್ನು ಕಂಡು ಮಾತು ನುಂಗಿಕೊಂಡಳು. ಮಗ ಯುದ್ಧಕ್ಕೆ ಹೋಗುವುದಕ್ಕೂ ನನ್ನ ತಳಪಾಯಕ್ಕೂ ಏನು ಸಂಬಂಧ ಎಂದು ಗೊಣಗಿಕೊಂಡು ನಾನು ಪಾಯದ ಗುರುತಿಗೆ ಸುಣ್ಣ ಎಳೆಸಿದೆ. ಗೆರೆ ಅವಳು ಕೂರುತ್ತಿದ್ದ ಜಾಗದ ಮೇಲೆಯೇ ಹಾದುಹೋಯಿತು.

ಅಗೆತ ಶುರುವಾದ ದಿನ ಶೇಕದಾರರೂ ನೋಡಲು ಬಂದು ನಿಂತಿದ್ದರು. ಬಡಗಣ ಮೂಲೆಯಲ್ಲಿ ಹೊರಊರಿನಿಂದ ಬಂದಿದ್ದ ಕೆಂಪ ಎಂಬ ಕೂಲಿಯವನು ಹಾರೆ ಹಾಕುತ್ತಿದ್ದ. ಮೂರನೆಯದೋ ನಾಲ್ಕನೆಯದೋ ಏಟಿಗೆ ಟೊಳ್ಳು ಸದ್ದಾಯಿತು. ಅವನು ಇನ್ನೂ ಜೋರಾಗಿ ಹಾಕಿದ. ಚಪ್ಪಡಿ ಮುರಿದು, ಮಣ್ಣಿನ ಸಮೇತ ಮನುಷ್ಯ ಮಾಯವಾದ. ಧೂಳು ಕವಿದು ಒಳಗೇನೂ ಕಾಣಲಿಲ್ಲ, ಕಣ್ಣು ಉರಿಸುವಂಥ ಹುಳಿ ವಾಸನೆ ಎದ್ದಿತು. ಕೆಂಪನ ತಮ್ಮ ಧುಮುಕಲು ಓಡಿದ.

"ಇಳೀಬ್ಯಾಡ್ವೋ! ಕೆಟ್ಟ್ ಗಾಳಿ, ಸತ್ತೋಯ್ತೀಯ!" ಎಂದು ಸಣ್ಣತಾಯಮ್ಮ ಅರಚಿದಳು.

ಇಮಾಮ್ ಸಾಬರು ಆ ತಮ್ಮನನ್ನು ತಬ್ಬಿ ಹಿಡಿದರು. ಹಗೇವಿನ ಆಳ ಅವರಿಗೂ ಗೊತ್ತಿತ್ತು. ಎರಡು ಆಳು ಆಳಕ್ಕೆ ಬಿದ್ದವನನ್ನು ಎತ್ತಲು ಒಬ್ಬ ಇಳಿಯಲೇಬೇಕು, ಇಳಿದರೆ ಅವನೂ ಸಾಯುತ್ತಾನೆ. ಸೊಪ್ಪಿನ ಕೊಂಬೆ ಇಳಿಬಿಟ್ಟು ಆಡಿಸಿ ಗಾಳಿ ಬದಲಿಸುವ ಕ್ರಮವಿದೆ, ಆದರೆ ಅಷ್ಟು ಹೊತ್ತು ಕೆಂಪ ಬದುಕಿರಬೇಕಲ್ಲ! ಯಾರೂ ಮುಂದೆ ಹೋಗಲಿಲ್ಲ.

ಸಣ್ಣತಾಯಮ್ಮ ಒಂದು ಸಲ ಶೇಕದಾರರ ಮುಖ ನೋಡಿದಳು. ಆಮೇಲೆ ಎದೆ ಬಡಿದುಕೊಂಡು ಕೂಗಿದಳು.

"ಆಳ ಇಲ್ಲ ಕಣ್ರಲಾ! ರಾಗಿ ತುಂಬದೆ, ಕುತ್ಗೆಗಂಟ ತುಂಬದೆ! ನಂದೇ ಅಗೇವು, ನಾನೇ ತುಂಬ್ಸಿರದು! ಮಲೀಕಂಡು ಕೈ ಆಕುದ್ರೆ ಸಿಕ್ತಾನೆ, ಎಳೀರ್ಲಾ!"

ಇಮಾಮ್ ಸಾಬರು ಉಸಿರು ಬಿಗಿಹಿಡಿದು ಬೋರಲು ಬಿದ್ದರು. ನಾನೂ ಕೆಂಪನ ತಮ್ಮನೂ ಅವರ ಕಾಲು ಹಿಡಿದೆವು. ಅವರ ಕೈಗೆ ಮೊದಲು ಕೂದಲು, ಆಮೇಲೆ ತೋಳು ಸಿಕ್ಕಿತು. ಹೊರಗೆ ಎಳೆದು ಹಾಕಿದಾಗ ಕೆಂಪನ ಮುಖ ನೀಲಿಗಟ್ಟಿತ್ತು. ನೀರು ಚೆಲ್ಲಿ, ಬೆನ್ನು ಗುದ್ದಿದ ಮೇಲೆ ಅವನು ಕೆಮ್ಮಿದ. ಅವನ ಕೂದಲಲ್ಲಿ, ಕಿವಿಯಲ್ಲಿ, ಮೈಯೆಲ್ಲ ರಾಗಿಯೇ.

ಇನ್ನು ಶೇಕದಾರರು. ಅವರು ಒಂದು ಹಿಡಿ ರಾಗಿ ಎತ್ತಿ ನೋಡಿ ಹೇಳಿದರು: "ಎಲ್ಲರೆದುರು ತಾನೇ ಒಪ್ಪಿಸಿದ್ದಾಳೆ. ಬಚ್ಚಿಟ್ಟಳು ಅಂತ ನಾನು ಬರೆಯೋದಿಲ್ಲ. ಆದರೆ ರಾಗಿ ಬಿಡೋಕಾಗಲ್ಲ."

ಮನೆಖರ್ಚಿನ ಪಾಲು ಬಿಟ್ಟು ಮಿಕ್ಕದ್ದೆಲ್ಲ ಗಾಡಿ ಹತ್ತಿತು. ಮಗ ರಂಗೂನಿನ ಕಡೆ ಹೋದಂದಿನಿಂದ ಅವಳು ಆ ಹಗೇವಿನ ಬಾಯಿ ತೆಗೆದಿರಲಿಲ್ಲವಂತೆ. ಅವನು ಬಂದ ದಿನ ತೆಗೆದು, ಅದೇ ರಾಗಿಯಲ್ಲಿ ಮದುವೆ ಮಾಡುತ್ತೇನೆ ಎಂದು ಹರಕೆಯ ಹಾಗೆ ಕಾದುಕೊಂಡಿದ್ದಳು. ಅಕಾಲದಲ್ಲಿ ಬಾಯಿ ತೆಗೆದದ್ದು ಮಗನಿಗೆ ಕೇಡಾದರೆ ಎಂಬ ಭಯವೇ ಅವಳನ್ನು ಹೆಚ್ಚು ಸುಡುತ್ತಿತ್ತು. ಗಾಡಿ ಹೋದ ಮೇಲೂ ಅವಳು ಆ ಗುಂಡಿಯ ಪಕ್ಕದಿಂದ ಏಳಲಿಲ್ಲ. ನನಗೆ ಶೇಕದಾರರ ಮೇಲೆ, ಯುದ್ಧದ ಮೇಲೆ, ನನ್ನ ಮೇಲೆ ಕೂಡ ಕೆಟ್ಟ ಸಿಟ್ಟು ಬಂದಿತು.

ಎಂಜಿನಿಯರ್ ಸಾಹೇಬರ ಹತ್ತಿರ ಜಗಳವಾಡಿ ಕಟ್ಟಡವನ್ನು ತೆಂಕಣಕ್ಕೆ ಸರಿಸಲು ಅನುಮತಿ ತಂದೆ. ಹೊಸ ಗುರುತು ಹಾಕುತ್ತಿದ್ದಂತೆ ಊರ ಗೌಡರೊಬ್ಬರು ಬಂದು, "ಆ ಮೂಲೆ ಬ್ಯಾಡಿ ಸಾಮಿ" ಎಂದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆಗೆ ಇನ್ನೊಬ್ಬರು ಬಂದು ಇನ್ನೊಂದು ಮೂಲೆ ಬೇಡವೆಂದರು. ಹೀಗೆ ಎಲ್ಲರ ಬೇಡಗಳನ್ನು ತಪ್ಪಿಸಿಕೊಂಡು, ಮಳವಳ್ಳಿಯ ಹಾಲ್ ರಸ್ತೆಗೆ ಓರೆಯಾಗಿ ನಿಂತಿತು. ಓವರ್ಸಿಯರಿಗೆ ದಾರ ಹಿಡಿಯಲು ಬರುವುದಿಲ್ಲ ಎಂದು ಹೊರಗಿನವರು ಆಡಿಕೊಂಡರು. ಊರಿನವರು ಮಾತ್ರ ಆಡಿಕೊಳ್ಳಲಿಲ್ಲ.

ಸುಣ್ಣವಿಲ್ಲ, ಮರವಿಲ್ಲ ಎಂದು ಕೆಲಸ ಎಳೆದು, ಸೂರು ಏರುವ ಹೊತ್ತಿಗೆ ನಲವತ್ತಾರು ಬಂದಿತ್ತು. ಒಂದು ಬೆಳಿಗ್ಗೆ ಸಣ್ಣತಾಯಮ್ಮ ಕುಂಟುತ್ತಿದ್ದ ಒಬ್ಬ ಬಡಕಲು ಯುವಕನ ಕೈ ಹಿಡಿದುಕೊಂಡು ಬಂದಳು. ಕಲ್ಲುಮಣ್ಣು ತುಂಬಿ ಮುಚ್ಚಿದ್ದ ಆ ಹಳೆಯ ಗುಂಡಿಯನ್ನು ತೋರಿಸಿ, "ಅಲ್ಲೇ ಇತ್ತು ಕಣ್ಲಾ ನಿನ್ ಮದ್ವೆ ರಾಗಿ" ಎಂದಳು. ಸಾರವೆಯ ಮೇಲೆ ಗಾರೆ ಹೊರುತ್ತಿದ್ದ ಕೆಂಪ ಕೆಳಗಿಳಿದು ಬಂದು ಅವಳ ಕಾಲು ಮುಟ್ಟಿದ. ಅವಳು ನನ್ನ ಕಡೆ ತಿರುಗಿದಳು.

"ಒಬ್ಬವ್ವನ ಮಗುನ್ನ ಅವ್ಳಿಗ್ ಕೊಟ್ಟೆ, ನನ್ ಮಗುನ್ನ ನಾನ್ ಈಸ್ಕಂಡೆ. ರಾಗಿ ಓದ್ರೆ ಓಯ್ತು ಬುಡಪ್ಪ."

ಆಮೇಲಿನ ನೌಕರಿಯಲ್ಲಿ ಶಾಲೆ, ಆಸ್ಪತ್ರೆ, ಸೇತುವೆ ಎಂದು ಎಷ್ಟೋ ಸೈಟ್ ನೋಡಿದೆ. ಟ್ರಯಲ್ ಪಿಟ್ ತೋಡಿಸುವುದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಆದರೆ ಹಾರೆ ಹಾಕುವ ಮೊದಲು, ಆ ಖಾಲಿ ಜಾಗದಲ್ಲಿ ಯಾರಾದರೂ ಸುಮ್ಮನೆ ಬಂದು ಕೂರುತ್ತಾರೆಯೇ ಎಂದು ನೋಡುತ್ತಿದ್ದೆ. ಕೂತಿದ್ದರೆ, ಟೇಪನ್ನು ಜೇಬಿಗೆ ಹಾಕಿಕೊಂಡು ನಾನೂ ಅವರ ಪಕ್ಕದಲ್ಲಿ ಕೂರುತ್ತಿದ್ದೆ.